ಸೇತುವೆ ಕುಸಿತದ ಅಧ್ಯಯನಕ್ಕೆ ಯುಎಸ್‌ಜಿಎಸ್ ನದಿ ಹರಿವಿನ ದತ್ತಾಂಶ ಸೇವೆ: ಒಂದು ವಿಮರ್ಶೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೊಹೇರಿ ಎಂಬ ಹೊಳೆಯಿದೆ. 1954ರಲ್ಲಿ ಆ ಹೊಳೆಗೆ ಅಡ್ಡಲಾಗಿ ಹೆದ್ದಾರಿ ಸೇತುವೆಯೊಂದು ಸಿದ್ಧವಾಯಿತು. ಮರುವರ್ಷವೇ, 1955ರ ಅಕ್ಟೋಬರ್ 16ರಂದು, ಹೊಳೆಯಲ್ಲಿ 76,500 ಕ್ಯೂಸೆಕ್ ನೆರೆ ಬಂತು; ಸೇತುವೆ ಅಲುಗಾಡದೆ ನಿಂತಿತು. ಮೂವತ್ತೊಂದು ವರ್ಷಗಳ ಮೇಲೆ, 1987ರ ಏಪ್ರಿಲ್ 5ರಂದು, ಅದಕ್ಕಿಂತ ಕಡಿಮೆಯ, ಸುಮಾರು 65,000 ಕ್ಯೂಸೆಕ್ ನೆರೆ ಬಂದಾಗ ಅದೇ ಸೇತುವೆ ಕುಸಿದುಬಿತ್ತು. ವಾಹನಗಳಲ್ಲಿದ್ದ ಹತ್ತು ಜನ ಪ್ರಾಣ ಕಳೆದುಕೊಂಡರು. ದೊಡ್ಡ ನೆರೆಯನ್ನು ತಡೆದುಕೊಂಡ ಸೇತುವೆ ಚಿಕ್ಕ ನೆರೆಗೆ ಏಕೆ ಬಿತ್ತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ, ಅಂದರೆ ಯುಎಸ್‌ಜಿಎಸ್‌ನ, ನದಿ ಹರಿವಿನ ದತ್ತಾಂಶ ಸೇವೆಯನ್ನು ಬಳಸತೊಡಗಿದೆ. ಸೇತುವೆ ಕುಸಿತವನ್ನು ಅಧ್ಯಯನ ಮಾಡುವವರಿಗೆ ಈ ಸೇವೆ ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಸೇವೆಯ ಪರಿಚಯ ಚಿಕ್ಕದಾಗಿಯೇ ಇರಲಿ. ಈ ಸಂಸ್ಥೆ ತನ್ನ ಮೊದಲ ನದಿ ಮಾಪನ ಕೇಂದ್ರವನ್ನು ನ್ಯೂ ಮೆಕ್ಸಿಕೊದ ಎಂಬುಡೊ ಎಂಬಲ್ಲಿ, ರಿಯೊ ಗ್ರಾಂಡ್ ನದಿಯ ದಂಡೆಯಲ್ಲಿ, 1889ರಲ್ಲಿ ಸ್ಥಾಪಿಸಿತು. ಇಂದು ದೇಶದಾದ್ಯಂತ ಸಾವಿರಾರು ಕೇಂದ್ರಗಳಿದ್ದು, ಹೆಚ್ಚಿನವು ಹದಿನೈದು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ದಾಖಲಿಸಿ ಉಪಗ್ರಹದ ಮೂಲಕ ಕಳುಹಿಸುತ್ತವೆ. ಪ್ರತಿ ಕೇಂದ್ರಕ್ಕೂ ಒಂದು ಸಂಖ್ಯೆಯಿದೆ, ಹೆಚ್ಚಿನವಕ್ಕೆ ಎಂಟು ಅಂಕಿಗಳದು; ಸ್ಕೊಹೇರಿ ಹೊಳೆಯ ಬರ್ಟನ್ಸ್‌ವಿಲ್ ಕೇಂದ್ರದ ಸಂಖ್ಯೆ 01351500. ಆ ಸಂಖ್ಯೆಯನ್ನು ಕೊಟ್ಟರೆ ಅಲ್ಲಿನ ಸದ್ಯದ ಮಟ್ಟ, ದಿನದ ಸರಾಸರಿ ಹರಿವು, ಪ್ರತಿ ವರ್ಷದ ಗರಿಷ್ಠ ಹರಿವು, ಸಿಬ್ಬಂದಿ ಸ್ಥಳಕ್ಕೆ ಹೋಗಿ ಮಾಡಿದ ಅಳತೆಗಳು ಎಲ್ಲವೂ ಉಚಿತವಾಗಿ ತೆರೆದುಕೊಳ್ಳುತ್ತವೆ. ಹರಿವಿನ ಮಾನ ಕ್ಯೂಸೆಕ್, ಎತ್ತರದ ಮಾನ ಅಡಿ. ಅಣೆಕಟ್ಟೆಯ ಒಳಹರಿವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ರೂಢಿಯಿರುವವರಿಗೆ ಈ ಮಾನ ಹೊಸತೇನಲ್ಲ.

ಸೇತುವೆ ಕುಸಿತದ ಬೆನ್ನು ಹತ್ತಿದವರು ಸಹಜವಾಗಿ ಮೊದಲು ತೆರೆಯುವುದು ವಾರ್ಷಿಕ ಗರಿಷ್ಠ ಹರಿವಿನ ಪಟ್ಟಿಯನ್ನು. ಅದು ಓದಲು ಸುಲಭ, ನಕಲಿಸಿಕೊಳ್ಳಲು ಸುಲಭ, ಮತ್ತು ಎಚ್ಚರವಿಲ್ಲದಿದ್ದರೆ ತಪ್ಪು ಮಾಡುವುದಕ್ಕೂ ಸುಲಭ. ಇಲ್ಲಿ ವರ್ಷವೆಂದರೆ ಜನವರಿಯಿಂದ ಡಿಸೆಂಬರ್ ಅಲ್ಲ. ಅಕ್ಟೋಬರ್ 1ರಂದು ಮೊದಲಾಗಿ ಸೆಪ್ಟೆಂಬರ್ 30ರಂದು ಮುಗಿಯುವ ಜಲವರ್ಷ, ಅದು ಮುಗಿಯುವ ವರ್ಷದ ಹೆಸರಿನಿಂದ ಕರೆಯಲ್ಪಡುವಂಥದ್ದು. ಹೀಗಾಗಿ 1955ರ ಅಕ್ಟೋಬರಿನ ಆ ದೊಡ್ಡ ನೆರೆ 1956ನೆಯ ಜಲವರ್ಷದ ಸಾಲಿನಲ್ಲಿ ಸೇರುತ್ತದೆ. ದಿನಾಂಕವನ್ನು ನೋಡದೆ ವರ್ಷವನ್ನಷ್ಟೇ ನೋಡಿ ಕುಸಿತದ ಪಟ್ಟಿಯೊಂದಿಗೆ ಹೊಂದಿಸಹೊರಟರೆ ಬೀಳದ ಸೇತುವೆಗೆ ನೆರೆಯೂ ಬಂದಿರಲಿಲ್ಲ ಎಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ನಾನು ಮೊದಲ ಸಲ ಹೊಂದಿಸಿದಾಗ ಇದೇ ತಪ್ಪನ್ನು ಮಾಡಿ, ಎರಡು ದಿನದ ಲೆಕ್ಕವನ್ನು ಹೊಸದಾಗಿ ಮಾಡಬೇಕಾಯಿತು.

ಪಟ್ಟಿಯ ಪಕ್ಕದಲ್ಲಿರುವ ಸಂಕೇತಗಳ ಕಡೆಗೂ ಓದುಗರ ಗಮನ ಸೆಳೆಯಬೇಕು. ಸಂಖ್ಯೆ ಅಂದಾಜಿನದೇ, ಮೇಲ್ದಂಡೆಯ ಅಣೆಕಟ್ಟೆಯ ನಿಯಂತ್ರಣಕ್ಕೆ ಒಳಗಾದುದೇ, ಕೇಂದ್ರ ಆರಂಭವಾಗುವ ಮುಂಚಿನ ಐತಿಹಾಸಿಕ ನೆರೆಯೇ ಎಂಬುದನ್ನು ಅವು ಹೇಳುತ್ತವೆ. ಸ್ಕೊಹೇರಿಯ ವಿಷಯದಲ್ಲಿ ಇದು ಮುಖ್ಯ. ಏಕೆಂದರೆ ಆ ಹೊಳೆಗೆ ಮೇಲ್ಭಾಗದಲ್ಲಿ ಗಿಲ್ಬೋವ ಅಣೆಕಟ್ಟೆಯಿದೆ, ನ್ಯೂಯಾರ್ಕ್ ನಗರಕ್ಕೆ ಅಲ್ಲಿಂದ ನೀರು ಹೋಗುತ್ತದೆ, ಆದ್ದರಿಂದ ಕೆಳಗಿನ ಕೇಂದ್ರದಲ್ಲಿ ಅಳೆದದ್ದು ಸಂಪೂರ್ಣವಾಗಿ ನಿಸರ್ಗದ ಹರಿವಲ್ಲ. ಸಂಖ್ಯೆಯ ಜೊತೆಗೇ ಸಂಖ್ಯೆಯ ಮೇಲಿನ ಅನುಮಾನವನ್ನೂ ಪ್ರಕಟಿಸುವ ಈ ಪ್ರಾಮಾಣಿಕತೆ ಈ ಸೇವೆಯ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಹೊಸ ದತ್ತಾಂಶಕ್ಕೆ ತಾತ್ಕಾಲಿಕವೆಂದೂ ಪರಿಶೀಲನೆಯಾದ ಮೇಲೆ ಅಂಗೀಕೃತವೆಂದೂ ಗುರುತು ಹಾಕುವುದು ಇದೇ ಶಿಸ್ತಿನ ಭಾಗ. ನೆರೆ ಇಳಿದ ವಾರದಲ್ಲೇ ಇಳಿಸಿಕೊಂಡ ಅಂಕಿಯನ್ನು ವರದಿಯಲ್ಲಿ ಬಳಸುವವರು ಆ ಗುರುತನ್ನು ನೋಡದೆ ಮುಂದುವರಿಯಬಾರದು.

ಆದರೆ ಗರಿಷ್ಠ ಹರಿವಿನ ಪಟ್ಟಿ ಎಷ್ಟೇ ಶುದ್ಧವಾಗಿದ್ದರೂ ನಾನು ಮೊದಲು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತರವಿರುವುದು ಹೊಳೆಯ ತಳದಲ್ಲಿ. ನೀರಿನ ನಡುವೆ ಕಂಬವೊಂದು ನಿಂತಾಗ, ಅದರ ಮುಂಬದಿಗೆ ಬಡಿದ ಪ್ರವಾಹ ಕೆಳಮುಖವಾಗಿ ತಿರುಗಿ, ಕುದುರೆಲಾಳದ ಆಕಾರದ ಸುಳಿಯಾಗಿ ಕಂಬದ ಬುಡವನ್ನು ಸುತ್ತುತ್ತದೆ, ಮತ್ತು ಆ ಸುಳಿ ಬುಡದ ಮಣ್ಣು, ಮರಳು, ಜಲ್ಲಿಯನ್ನು ಎತ್ತಿ ಒಯ್ಯುತ್ತದೆ. ಇದನ್ನು ತಳಕೊರೆತ ಎನ್ನಬಹುದು. ಸ್ಕೊಹೇರಿ ಸೇತುವೆಯ ಕಂಬಗಳು ನೆಲದಾಳಕ್ಕೆ ಇಳಿಸಿದ ಆಧಾರಗೂಟಗಳ ಮೇಲೆ ನಿಂತವಲ್ಲ. ಹಿಮನದಿ ಬಿಟ್ಟುಹೋದ ಗಟ್ಟಿ ಮಣ್ಣಿನ ಮೇಲೆ ಹಾಸಿದ, ಹೆಚ್ಚು ಆಳವಿಲ್ಲದ ಅಗಲ ಬುನಾದಿಗಳ ಮೇಲೆ ನಿಂತವು. ಬುಡದ ರಕ್ಷಣೆಗೆ ಸುರಿದಿದ್ದ ಕಲ್ಲುಗಳು ಸಾಲದಾಗಿದ್ದವು, ಮತ್ತು ಇದ್ದವೂ ವರ್ಷದಿಂದ ವರ್ಷಕ್ಕೆ ನೀರಿನೊಂದಿಗೆ ಸರಿದುಹೋದವು. 1987ರಲ್ಲಿ ಮೂರನೆಯ ಕಂಬದ ಬುಡದಲ್ಲಿ ಸುಮಾರು 3 ಮೀಟರ್ ಆಳದ ಗುಂಡಿ ಬಿದ್ದು ಬುನಾದಿ ಆಧಾರ ಕಳೆದುಕೊಂಡಿತು. ಮೊದಲು ಆ ಕಂಬದೊಂದಿಗೆ ಎರಡು ಅಂಕಣಗಳು, ಅಂದರೆ ಕಂಬದಿಂದ ಕಂಬಕ್ಕೆ ಚಾಚಿದ ಸೇತುವೆಯ ಭಾಗಗಳು, ಬಿದ್ದವು, ಸುಮಾರು ಒಂದೂವರೆ ಗಂಟೆಯ ಮೇಲೆ ಎರಡನೆಯ ಕಂಬವೂ ಬಿತ್ತು. 1955ರ ನೆರೆಗೂ 1987ರ ನೆರೆಗೂ ನಡುವೆ ಬದಲಾದದ್ದು ಹೊಳೆಯ ತಳ ಮತ್ತು ಕಲ್ಲಿನ ರಕ್ಷೆ. ಗರಿಷ್ಠ ಹರಿವಿನ ಪಟ್ಟಿಯಲ್ಲಿ ಇವೆರಡಕ್ಕೂ ಜಾಗವಿಲ್ಲ.

ಈ ಕಾರಣದಿಂದಲೇ ನನ್ನ ದೃಷ್ಟಿಯಲ್ಲಿ ಈ ಸೇವೆಯ ನಿಜವಾದ ನಿಧಿಯೆಂದರೆ ಹೆಚ್ಚು ಜನ ತೆರೆಯದ ಕ್ಷೇತ್ರ ಅಳತೆಗಳ ಪಟ್ಟಿ. ಕೇಂದ್ರದ ಉಪಕರಣ ನೇರವಾಗಿ ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಮಟ್ಟದಿಂದ ಹರಿವನ್ನು ಲೆಕ್ಕ ಹಾಕಲು ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ರೇಖೆ, ಅಂದರೆ ರೇಟಿಂಗ್ ಕರ್ವ್, ಬೇಕು. ಆ ರೇಖೆಯನ್ನು ಸರಿಯಾಗಿಟ್ಟುಕೊಳ್ಳಲು ಸಿಬ್ಬಂದಿ ಆಗಾಗ ಹೊಳೆಗೆ ಹೋಗಿ ಅಗಲ, ಅಡ್ಡಕೊಯ್ತದ ವಿಸ್ತೀರ್ಣ, ಸರಾಸರಿ ವೇಗಗಳನ್ನು ಅಳೆದು ಬರೆದಿಡುತ್ತಾರೆ. ಅಳತೆ ಅತ್ಯುತ್ತಮವೇ, ಉತ್ತಮವೇ, ಸಾಧಾರಣವೇ, ಕಳಪೆಯೇ ಎಂಬ ದರ್ಜೆಯನ್ನೂ ತಾವೇ ನಮೂದಿಸುತ್ತಾರೆ. ಅವರು ಬರೆದದ್ದು ಹರಿವಿನ ಲೆಕ್ಕಕ್ಕೆ. ಆದರೆ ಸೇತುವೆಯನ್ನು ಅಧ್ಯಯನ ಮಾಡುವವನಿಗೆ ಅದೇ ಪಟ್ಟಿ ಹೊಳೆಯ ತಳ ಏರಿದ ಇಳಿದ ಕಥೆಯನ್ನು ಹೇಳುತ್ತದೆ.

ಲೆಕ್ಕ ಕಷ್ಟದ್ದಲ್ಲ. ಉದಾಹರಣೆಗೆಂದು ಕಲ್ಪಿಸಿಕೊಂಡ ಅಂಕಿಗಳನ್ನೇ ತೆಗೆದುಕೊಳ್ಳೋಣ. ಒಂದು ದಿನ ಹೊಳೆಯ ಅಗಲ 200 ಅಡಿ, ವಿಸ್ತೀರ್ಣ 2,000 ಚದರ ಅಡಿ, ಮಾಪಕದ ಮಟ್ಟ 12 ಅಡಿ ಇತ್ತೆನ್ನಿ. ವಿಸ್ತೀರ್ಣವನ್ನು ಅಗಲದಿಂದ ಭಾಗಿಸಿದರೆ ಸರಾಸರಿ ಆಳ 10 ಅಡಿ. ಮಟ್ಟದಿಂದ ಆಳವನ್ನು ಕಳೆದರೆ ತಳದ ಸರಾಸರಿ ಎತ್ತರ ಮಾಪಕದ 2 ಅಡಿಯ ಗುರುತಿನಲ್ಲಿದೆ. ಹತ್ತು ವರ್ಷಗಳ ಮೇಲೆ, ಅದೇ ಮಟ್ಟದಲ್ಲಿ, ಅದೇ ಅಗಲದಲ್ಲಿ ವಿಸ್ತೀರ್ಣ 2,400 ಚದರ ಅಡಿ ಎಂದು ದಾಖಲಾಗಿದ್ದರೆ ಆಳ 12 ಅಡಿಯಾಯಿತು, ಅಂದರೆ ತಳ 2 ಅಡಿ ಕುಸಿದಿದೆ. ಹೀಗೆ ದಶಕಗಳ ಅಳತೆಗಳನ್ನು ಸಾಲಾಗಿ ಗುರುತಿಸುತ್ತ ಹೋದರೆ ಹೊಳೆ ನಿಧಾನವಾಗಿ ತಗ್ಗುತ್ತಿದೆಯೇ, ಯಾವುದೋ ಒಂದು ನೆರೆಯ ನಂತರ ಥಟ್ಟನೆ ತಗ್ಗಿತೇ, ಮತ್ತೆ ಹೂಳು ತುಂಬಿಕೊಂಡಿತೇ ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಮಾಪನ ಕೇಂದ್ರಗಳು ಸೇತುವೆಗಳ ಮೇಲೆಯೇ ಅಥವಾ ಪಕ್ಕದಲ್ಲೇ ಇರುವುದರಿಂದ ಕೆಲವೆಡೆ ನಮಗೆ ಬೇಕಾದ ಜಾಗದ ಅಳತೆಯೇ ಸಿಗುವ ಭಾಗ್ಯವೂ ಉಂಟು. ಆದರೆ ಒಂದು ಎಚ್ಚರ ಅಗತ್ಯ: ನೀರು ಕಡಿಮೆಯಿದ್ದಾಗ ಸಿಬ್ಬಂದಿ ಹೊಳೆಗಿಳಿದು ಒಂದು ಜಾಗದಲ್ಲಿ ಅಳೆಯುತ್ತಾರೆ, ನೀರು ಏರಿದಾಗ ಸೇತುವೆಯಿಂದಲೋ ತಂತಿಯ ತೊಟ್ಟಿಲಿನಿಂದಲೋ ಇನ್ನೊಂದು ಜಾಗದಲ್ಲಿ ಅಳೆಯುತ್ತಾರೆ. ಎರಡನ್ನೂ ಬೆರೆಸಿದರೆ ತಳ ಬದಲಾಗದೆಯೂ ಬದಲಾದಂತೆ ತೋರುತ್ತದೆ. ಜಾಗದ ಟಿಪ್ಪಣಿಯನ್ನು ಓದಿ ಬೇರ್ಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ತಳಕೊರೆತದ ಇನ್ನೊಂದು ಸ್ವಭಾವವನ್ನು ಇಲ್ಲಿ ಹೇಳದಿದ್ದರೆ ಅಳತೆಗಳ ಬೆಲೆ ತಿಳಿಯುವುದಿಲ್ಲ. ನೆರೆ ಏರಿದಾಗ ಬಿದ್ದ ಗುಂಡಿ ನೆರೆ ಇಳಿಯುವಾಗ ಮೇಲಿನಿಂದ ಬಂದ ಮರಳಿನಿಂದ ಮುಚ್ಚಿಹೋಗಬಹುದು. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ತಳ ಸಮತಟ್ಟಾಗಿಯೇ ಕಾಣುತ್ತದೆ, ಆದರೆ ಗುಂಡಿಯನ್ನು ತುಂಬಿದ ಆ ಸಡಿಲ ಮರಳು ಮುಂದಿನ ನೆರೆಗೆ ಗಟ್ಟಿ ನೆಲದಂತೆ ಎದುರು ನಿಲ್ಲುವುದಿಲ್ಲ. ಆದ್ದರಿಂದ ನೆರೆಯ ನಡುವೆಯೇ ನಡೆದ ಒಂದು ಅಳತೆ, ನೆರೆ ಇಳಿದ ಮೇಲಿನ ಹತ್ತು ಅಳತೆಗಳಿಗಿಂತ ಹೆಚ್ಚು ತೂಕದ್ದು. ಕೊರೆಯುವ ಚಳಿಯಲ್ಲಿ, ಕೆಂಪು ನೀರಿನ ಮೇಲೆ ನಿಂತು ಯಾರೋ ಒಬ್ಬರು ಆ ಅಳತೆಯನ್ನು ಮಾಡಿ ಬರೆದಿಟ್ಟಿದ್ದಾರೆಂಬುದನ್ನು ಪಟ್ಟಿಯ ಸಾಲುಗಳನ್ನು ಓದುವಾಗ ನಾನು ಮರೆಯಲಾರೆ.

ಟೆನೆಸಿ ರಾಜ್ಯದ ಹ್ಯಾಚಿ ನದಿಯ ಉದಾಹರಣೆ ಗರಿಷ್ಠ ಹರಿವಿನ ಮಿತಿಯನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. 1989ರ ಏಪ್ರಿಲ್ 1ರಂದು, ಕೋವಿಂಗ್ಟನ್ ಊರಿನ ಬಳಿ, 51ನೆಯ ಹೆದ್ದಾರಿಯ ಸೇತುವೆಯ ಒಂದು ಭಾಗ ಕುಸಿದು ಎಂಟು ಜನ ಸತ್ತರು. ಅಂದು ನದಿಯಲ್ಲಿದ್ದದ್ದು ದಾಖಲೆಯ ನೆರೆಯಲ್ಲ. ನದಿಯ ಮುಖ್ಯ ಪಾತ್ರವೇ ದಶಕಗಳಿಂದ ಉತ್ತರಕ್ಕೆ ಸರಿಯುತ್ತ ಬಂದು, ಮೂಲದಲ್ಲಿ ದಡದ ಬಯಲಿನಲ್ಲಿದ್ದ, ಆಳವಿಲ್ಲದ ಆಧಾರದ ಕಂಬಗಳನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಇಂಥಲ್ಲಿ ಒಂದು ದಿನದ ಶಿಖರಕ್ಕಿಂತ ನೀರು ದಡ ಮೀರಿ ಎಷ್ಟು ದಿನ ನಿಂತಿತು ಎಂಬುದು ಮುಖ್ಯವಾಗುತ್ತದೆ, ಮತ್ತು ಈ ಸೇವೆಯ ದಿನದ ಸರಾಸರಿ ಹರಿವಿನ ಸರಣಿ ಅದಕ್ಕೆ ಸೊಗಸಾಗಿ ಒದಗುತ್ತದೆ: ದಡ ಮೀರುವ ಹರಿವು ಎಷ್ಟೆಂದು ಒಮ್ಮೆ ನಿಶ್ಚಯಿಸಿಕೊಂಡರೆ, ಸೇತುವೆ ಕಟ್ಟಿದಂದಿನಿಂದ ಬಿದ್ದ ದಿನದವರೆಗೆ ಅದನ್ನು ಮೀರಿದ ದಿನಗಳನ್ನು ಎಣಿಸಬಹುದು. ಆದರೆ ನದಿಯ ಪಾತ್ರ ಸರಿದದ್ದನ್ನು ಹರಿವಿನ ಅಂಕಿಗಳು ಹೇಳಲಾರವು. ಅದಕ್ಕೆ ಹಳೆಯ ನಕ್ಷೆಗಳು, ವೈಮಾನಿಕ ಚಿತ್ರಗಳು, ಸೇತುವೆ ತಪಾಸಣೆಯ ಕಡತಗಳು ಬೇಕು.

ಸ್ಕೊಹೇರಿಗೆ ಮರಳೋಣ, ಏಕೆಂದರೆ ಆ ಹೊಳೆ ಮತ್ತೊಂದು ಪಾಠವನ್ನು ಇಟ್ಟುಕೊಂಡಿದೆ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಬರ್ಟನ್ಸ್‌ವಿಲ್‌ನಲ್ಲಿ 1,28,000 ಕ್ಯೂಸೆಕ್ ಹರಿಯಿತು. 1955ರ ನೆರೆಯನ್ನೂ ಬಹಳ ಹಿಂದೆ ಹಾಕಿದ ಹರಿವು ಇದು. ಮೇಲ್ಭಾಗದ ನಾರ್ತ್ ಬ್ಲೆನ್‌ಹೈಮ್‌ನಲ್ಲಿ 1855ರಿಂದ ನಿಂತಿದ್ದ, ಮರದ ಮಾಡು ಹೊದಿಸಿದ ಹಳೆಯ ಸೇತುವೆ ಅಂದು ಕೊಚ್ಚಿಹೋಯಿತು. ಇದು ತಳಕೊರೆತದ ಕಥೆಯಲ್ಲ. ನೀರು ಸೇತುವೆಯ ಮೈಮಟ್ಟಕ್ಕೆ ಏರಿ ಅದನ್ನು ಹೊತ್ತೊಯ್ದ ಕಥೆ. ಇಲ್ಲಿ ಗರಿಷ್ಠ ಮಟ್ಟವೇ ಕಾರಣ, ಗರಿಷ್ಠದ ಪಟ್ಟಿಯೇ ಸಾಕ್ಷಿ. ಒಂದೇ ಹೊಳೆಯ ಎರಡು ಸೇತುವೆಗಳು ಎರಡು ಬೇರೆ ಬೇರೆ ಪಟ್ಟಿಗಳನ್ನು ತೆರೆಸುತ್ತವೆ ಎಂಬುದನ್ನು ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮನಸ್ಸಿನಲ್ಲಿಟ್ಟುಕೊಳ್ಳಲಿ: ಸೇತುವೆ ಹೇಗೆ ಬಿತ್ತು ಎಂಬುದನ್ನು ಮೊದಲು ಕೇಳಿ, ಯಾವ ದತ್ತಾಂಶ ಬೇಕೆಂಬುದನ್ನು ಆಮೇಲೆ ತೀರ್ಮಾನಿಸಬೇಕು.

ಐರೀನ್‌ನ ಅಂಕಿ ಸೇರಿದ ಮೇಲೆ ನೆರೆಯ ಮರುಕಳಿಕೆಯ ಲೆಕ್ಕವೂ ಬದಲಾಗುತ್ತದೆ. 1987ರ ನೆರೆ ಸುಮಾರು 50 ವರ್ಷಗಳಿಗೊಮ್ಮೆ ಬರುವಂಥದ್ದೆಂದು ಆಗ ಅಂದಾಜಿಸಲಾಗಿತ್ತು. ಅದಕ್ಕಿಂತ ದೊಡ್ಡ ನೆರೆಗಳು ದಾಖಲೆಗೆ ಸೇರಿದಂತೆಲ್ಲ ಅದೇ 65,000 ಕ್ಯೂಸೆಕ್ ಅಷ್ಟು ಅಪರೂಪದ್ದಾಗಿ ಉಳಿಯುವುದಿಲ್ಲ. ಕುಸಿತದ ದಿನದ ನೆರೆಯ ಮರುಕಳಿಕೆ ಅವಧಿಯನ್ನು ಬರೆಯುವಾಗ ಯಾವ ವರ್ಷದವರೆಗಿನ ದಾಖಲೆಯನ್ನು ಬಳಸಿದೆವೆಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಈ ಲೆಕ್ಕಕ್ಕೆ ಸಂಸ್ಥೆಯೇ ಪೀಕ್‌ಎಫ್‌ಕ್ಯು ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ. ಅದು ಬುಲೆಟಿನ್ 17ಸಿ ಎಂಬ ಮಾರ್ಗಸೂಚಿಯ ಪ್ರಕಾರ ಲಾಗ್ ಪಿಯರ್ಸನ್ ಮೂರನೆಯ ಮಾದರಿ ಎಂಬ ಸಂಖ್ಯಾಶಾಸ್ತ್ರದ ವಿತರಣೆಯನ್ನು ವಾರ್ಷಿಕ ಗರಿಷ್ಠ ಹರಿವುಗಳಿಗೆ ಹೊಂದಿಸುತ್ತದೆ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು ಉತ್ತರದ ಸುತ್ತಲಿನ ಅನಿಶ್ಚಿತತೆಯ ಮಿತಿಗಳನ್ನೂ ಕೊಡುವ ಕ್ರಮ. ನಲವತ್ತು ವರ್ಷಗಳ ದಾಖಲೆಯಿಂದ 500 ವರ್ಷಗಳ ನೆರೆಯನ್ನು ಊಹಿಸಿದಾಗ ಆ ಮಿತಿಗಳು ಎಷ್ಟು ಅಗಲವಾಗುತ್ತವೆಂಬುದನ್ನು ಒಮ್ಮೆ ನೋಡಿದವರು ಮುಂದೆ ಒಂಟಿ ಸಂಖ್ಯೆಯನ್ನು ನಂಬುವುದಿಲ್ಲ.

ನೂರು ವರ್ಷದ ನೆರೆ ಎಂಬ ಮಾತು ಸಾಮಾನ್ಯ ಓದುಗರನ್ನು ದಾರಿ ತಪ್ಪಿಸುವುದರಿಂದ ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಅರ್ಥ ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು ಎಂಬುದಷ್ಟೇ. 75 ವರ್ಷ ಬಾಳಬೇಕಾದ ಸೇತುವೆ ತನ್ನ ಆಯುಸ್ಸಿನಲ್ಲಿ ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇಕಡಾ 53ರಷ್ಟಿದೆ. 500 ವರ್ಷದ ನೆರೆಯನ್ನು ಕಾಣುವ ಸಾಧ್ಯತೆಯೂ ಶೇಕಡಾ 14ರಷ್ಟಿದೆ.

ಇನ್ನು ಕೊರತೆಗಳು. ಮೊದಲನೆಯದು ಸೇವೆಯ ತಪ್ಪಲ್ಲ, ಆದರೆ ಬಳಕೆದಾರನ ಹೆಗಲಿಗೆ ಬೀಳುವ ಹೊರೆ: ಬಿದ್ದ ಸೇತುವೆ ಒಂದು ಕಡೆ, ಮಾಪನ ಕೇಂದ್ರ ಇನ್ನೊಂದು ಕಡೆ. ಬರ್ಟನ್ಸ್‌ವಿಲ್ ಕೇಂದ್ರವಿರುವುದು ಬಿದ್ದ ಹೆದ್ದಾರಿ ಸೇತುವೆಗಿಂತ ಮೇಲ್ಭಾಗದಲ್ಲಿ. ಸೇತುವೆಯಿದ್ದದ್ದು ಸ್ಕೊಹೇರಿ ಮೊಹಾಕ್ ನದಿಯನ್ನು ಸೇರುವ ತಾಣಕ್ಕೆ ಹತ್ತಿರ. ಕೆಳಗಿನ ಮೊಹಾಕ್ ತುಂಬಿದ್ದರೆ ಹಿನ್ನೀರಿನಿಂದ ಸೇತುವೆಯಡಿಯ ವೇಗ ತಗ್ಗುತ್ತದೆ, ಮೊಹಾಕ್ ಇಳಿದಿದ್ದರೆ ಅದೇ ಹರಿವು ಹೆಚ್ಚು ವೇಗದಿಂದ ನುಗ್ಗುತ್ತದೆ. ತಳವನ್ನು ಕೊರೆಯುವುದು ವೇಗ. ನಮ್ಮ ಕೈಯಲ್ಲಿರುವುದು ಹರಿವು. ಈ ಅಂತರವನ್ನು ತುಂಬಲು ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್‌ರ್ಯಾಸ್‌ನಂಥ ಉಚಿತ ತಂತ್ರಾಂಶದಲ್ಲಿ ಹೊಳೆಯ ಮಾದರಿಯನ್ನು ಕಟ್ಟಲೇಬೇಕು. ಅದಕ್ಕೆ ಮುನ್ನ ಜಲಾನಯನ ಪ್ರದೇಶಗಳ ಅನುಪಾತವನ್ನು ಹಿಡಿದು ಕೇಂದ್ರದ ಹರಿವನ್ನು ಸೇತುವೆಯ ಜಾಗಕ್ಕೆ ವರ್ಗಾಯಿಸಿಕೊಳ್ಳಬೇಕು; ಎರಡರ ನಡುವೆ ದೊಡ್ಡ ಉಪನದಿ ಸೇರಿದರೆ ಆ ವಿಧಾನವೂ ಸಡಿಲವಾಗುತ್ತದೆ.

ಎರಡನೆಯದು ಎತ್ತರದ ಗೊಂದಲ. ಮಾಪಕದ ಮಟ್ಟವೆಂದರೆ ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ, ಆ ಕೇಂದ್ರದ ಸ್ವಂತ ಸೊನ್ನೆಯಿಂದ ಅಳೆದದ್ದು. ಆ ಸೊನ್ನೆಯ ಎತ್ತರ ಕೆಲವೆಡೆ, ದೇಶದ ಎತ್ತರಗಳನ್ನೆಲ್ಲ ಅಳೆಯಲು ನಿಗದಿಪಡಿಸಿದ 1929ರ ಹಳೆಯ ಆಧಾರಮಟ್ಟದಲ್ಲಿದೆ, ಕೆಲವೆಡೆ 1988ರ ಹೊಸದರಲ್ಲಿದೆ. ಸೇತುವೆಯ ಹಳೆಯ ನಕಾಶೆಯಲ್ಲಿ ಬುನಾದಿಯ ಎತ್ತರ ಇನ್ನಾವುದೋ ಆಧಾರದಲ್ಲಿರುತ್ತದೆ. ಬುನಾದಿ ನೀರಿನಿಂದ ಎಷ್ಟು ಕೆಳಗಿತ್ತು ಎಂಬ ಒಂದೇ ಪ್ರಶ್ನೆಗೆ ಈ ಮೂರನ್ನೂ ಒಂದಕ್ಕೊಂದು ಹೊಂದಿಸದೆ ಉತ್ತರಿಸಲಾಗದು. ಬೇಕಾದ ಮಾಹಿತಿಯೆಲ್ಲ ಕೇಂದ್ರದ ವಿವರದಲ್ಲಿ ಇದ್ದರೂ, ಮಟ್ಟದ ನಕ್ಷೆಯ ಪಕ್ಕದಲ್ಲೇ ಅದನ್ನು ಎದ್ದು ಕಾಣುವಂತೆ ಬರೆದಿದ್ದರೆ ಚೆನ್ನಾಗಿತ್ತು.

ಮೂರನೆಯದು ಕಾಲದ ಸೂಕ್ಷ್ಮತೆ. ಹದಿನೈದು ನಿಮಿಷದ ದತ್ತಾಂಶ ಈಚಿನ ದಶಕಗಳಿಗೆ ಮಾತ್ರ ಸುಲಭವಾಗಿ ಸಿಗುತ್ತದೆ. ಹಳೆಯ ವರ್ಷಗಳಿಗೆ ಹೆಚ್ಚಿನ ಕೇಂದ್ರಗಳಲ್ಲಿ ದಿನದ ಸರಾಸರಿ ಮತ್ತು ವಾರ್ಷಿಕ ಗರಿಷ್ಠವಷ್ಟೇ ಆಧಾರ. ಕಡಿದಾದ ಚಿಕ್ಕ ಹೊಳೆಗಳಲ್ಲಿ ನೆರೆ ಕೆಲವೇ ಗಂಟೆಗಳಲ್ಲಿ ಏರಿ ಇಳಿಯುವುದರಿಂದ ದಿನದ ಸರಾಸರಿ ಅದರ ಶಿಖರವನ್ನು ಮರೆಮಾಡಿಬಿಡುತ್ತದೆ. ಅತಿ ದೊಡ್ಡ ನೆರೆಯಲ್ಲಿ ಉಪಕರಣವೇ ಕೊಚ್ಚಿಹೋಗುವುದುಂಟು. ಆಗ ದಡದ ಮೇಲೆ ಉಳಿದ ನೀರಿನ ಗುರುತುಗಳನ್ನು ಹಿಡಿದು ಪರೋಕ್ಷವಾಗಿ ಹರಿವನ್ನು ಲೆಕ್ಕ ಹಾಕುತ್ತಾರೆ. ಸೇತುವೆ ಬಿದ್ದ ದಿನದ ಅಂಕಿ ಇಂಥದ್ದೇ ಆಗಿರುವ ಸಂಭವ ಹೆಚ್ಚು. ವರ್ಷದ ಬಹುಕಾಲ ಒಣಗಿಯೇ ಇರುವ ಹಳ್ಳಗಳ ಪಾಡು ಇನ್ನೂ ಕಷ್ಟ. 1995ರ ಮಾರ್ಚ್ 10ರಂದು ಕ್ಯಾಲಿಫೋರ್ನಿಯಾದ ಕೋಲಿಂಗಾ ಬಳಿ ಅರೋಯೊ ಪಸಹೇರೊ ಎಂಬ ಅಂಥದೇ ಹಳ್ಳಕ್ಕೆ ನೀರು ಬಂದು ಹೆದ್ದಾರಿಯ ಸೇತುವೆಗಳು ಬಿದ್ದು ಏಳು ಜನ ಸತ್ತರು. ಇಂಥ ಹಳ್ಳಗಳಿಗೆ ಸ್ಟ್ರೀಮ್‌ಸ್ಟ್ಯಾಟ್ಸ್ ಎಂಬ ಜೊತೆಯ ಸೇವೆಯಲ್ಲಿ ನಕ್ಷೆಯ ಮೇಲೆ ಬಿಂದುವನ್ನು ಗುರುತಿಸಿ ನೆರೆಯ ಅಂದಾಜನ್ನು ಪಡೆಯಬಹುದಾದರೂ, ಅದು ಸುತ್ತಲಿನ ಪ್ರದೇಶದ ಸರಾಸರಿ ಸಂಬಂಧದಿಂದ ಬಂದ ಅಂದಾಜೇ ಹೊರತು ಆ ಹಳ್ಳದ ಅಳತೆಯಲ್ಲ.

ಕೊನೆಯದಾಗಿ, ಸೇತುವೆಗಳ ಲೋಕಕ್ಕೂ ನದಿಗಳ ಲೋಕಕ್ಕೂ ನಡುವೆ ಸೇತುವೆ ಕಟ್ಟುವ ಕೆಲಸ ಬಳಕೆದಾರನದೇ. ಅಮೆರಿಕದ ರಾಷ್ಟ್ರೀಯ ಸೇತುವೆ ದಾಖಲೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೇತುವೆಗಳಿವೆ. ಅದರ 113ನೆಯ ಅಂಶವು ಪ್ರತಿ ಸೇತುವೆಗೆ ತಳಕೊರೆತದ ಅಪಾಯ ಎಷ್ಟೆಂದು ಸಂಕೇತದಲ್ಲಿ ಹೇಳುತ್ತದೆ, ಬುನಾದಿಯೇ ತಿಳಿಯದ ಸೇತುವೆಗಳಿಗೂ ಅಲ್ಲೊಂದು ಸಂಕೇತವಿದೆ. ಆದರೆ ಆ ದಾಖಲೆಯಲ್ಲಿ ಮಾಪನ ಕೇಂದ್ರದ ಸಂಖ್ಯೆ ಇಲ್ಲ, ಬಿದ್ದ ಸೇತುವೆ ಏಕೆ ಬಿತ್ತೆಂಬ ವಿವರವೂ ಇಲ್ಲ. ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಹತ್ತಿರದ ಕೇಂದ್ರವನ್ನು ಯಂತ್ರದಿಂದ ಆರಿಸಿದರೆ ಅದು ಪಕ್ಕದ ಬೇರೆಯೇ ಹೊಳೆಯದಾಗಿರಬಹುದು. ಒಂದೊಂದನ್ನೂ ನಕ್ಷೆಯ ಮೇಲೆ ಕಣ್ಣಾರೆ ನೋಡಿ, ಅದೇ ನೀರು ಇಲ್ಲಿಂದ ಅಲ್ಲಿಗೆ ಹರಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದಕ್ಕೆ ನನಗೆ ಬೇರೆ ಉಪಾಯ ತೋರಲಿಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ, ಸೇತುವೆ ಕುಸಿತದ ಅಧ್ಯಯನಕ್ಕೆ ಈ ಸೇವೆಯನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಸೇತುವೆ, ಒಂದು ಕೇಂದ್ರವನ್ನು ಹಿಡಿದು ಜಾಲತಾಣದಲ್ಲಿಯೇ ಆರಂಭಿಸಬಹುದು. ನೂರಾರು ಸೇತುವೆಗಳನ್ನು ಒಟ್ಟಿಗೆ ನೋಡಬೇಕಾದವರಿಗೆ ಆರ್ ಮತ್ತು ಪೈಥಾನ್ ಭಾಷೆಗಳಲ್ಲಿ ಸಿದ್ಧ ಸಾಧನಗಳಿವೆ; ಹರಿವಿಗೆ 00060, ಮಟ್ಟಕ್ಕೆ 00065 ಎಂಬ ಸಂಕೇತಗಳನ್ನು ಕೊಟ್ಟರೆ ದಶಕಗಳ ಸರಣಿ ಕೆಲವೇ ಕ್ಷಣಗಳಲ್ಲಿ ಬರುತ್ತದೆ. ಯಾವ ದಾರಿಯಲ್ಲಿ ಹೋದರೂ ಗರಿಷ್ಠ ಹರಿವಿನ ಪಟ್ಟಿಯನ್ನು ಇಳಿಸಿಕೊಂಡ ದಿನವೇ ಕ್ಷೇತ್ರ ಅಳತೆಗಳ ಪಟ್ಟಿಯನ್ನೂ ಇಳಿಸಿಕೊಳ್ಳಿ, ಮತ್ತು ಲೆಕ್ಕವನ್ನು ಕುಸಿತದ ದಿನದಿಂದ ಹಿಂದಕ್ಕೆ, ಸೇತುವೆಯ ಮೊದಲ ಕಂಬ ನೀರಿಗಿಳಿದ ವರ್ಷದವರೆಗೂ ಒಯ್ಯಿರಿ.